ಡೆಬಿಯನ್‌ನಲ್ಲಿ ಜಾಂಗೋ ಅಳವಡಿಕೆ: ಕನ್ನಡದ ಕಾಗುಣಿತವನ್ನು ಉಳಿಸಿಕೊಂಡ ಬಗೆ

ನಮ್ಮೂರಿನ ವಾಚನಾಲಯದ ಪುಸ್ತಕಪಟ್ಟಿಯನ್ನು ಜಾಲತಾಣವಾಗಿಸಲು ನಾನು ಜಾಂಗೋ ಆರಿಸಿಕೊಂಡೆ. 2003ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ದಿನಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿದ, ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ನೆರವಾಗುವ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಇದು. ಮಾಹಿತಿ ತುಂಬುವ, ತಿದ್ದುವ ಅಡ್ಮಿನ್ ಪುಟಗಳು ಇದರಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಪುಸ್ತಕಪಟ್ಟಿಗೆ ಮೊದಲು ಬೇಕಾದದ್ದೂ ಅದೇ.

ಕಂಪ್ಯೂಟರಿನಲ್ಲಿದ್ದದ್ದು ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ. ಅದರ ಭಂಡಾರದಿಂದ ನೇರವಾಗಿ ಜಾಂಗೋ ಹಾಕಿಕೊಂಡರೆ 3.2ನೇ ಆವೃತ್ತಿ ಸಿಗುತ್ತದೆ. ಜಾಂಗೋ ತಂಡ ಆ ಆವೃತ್ತಿಗೆ ನೀಡುತ್ತಿದ್ದ ಬೆಂಬಲ 2024ರ ಏಪ್ರಿಲ್‌ಗೇ ಮುಗಿದಿದೆ. ಪೈಥಾನ್ ಪ್ಯಾಕೇಜ್‌ಗಳನ್ನು ಅಳವಡಿಸುವ ಪಿಪ್ ಬಳಸಿ ವ್ಯವಸ್ಥೆಯ ಪೈಥಾನ್‌ಗೇ ಸೇರಿಸಲು ಹೋದರೆ, ಈ ಪರಿಸರವನ್ನು ಡೆಬಿಯನ್ ನೋಡಿಕೊಳ್ಳುತ್ತಿದೆ ಎಂದು ಟರ್ಮಿನಲ್ ತಡೆಯುತ್ತದೆ. ಈ ತಡೆಯನ್ನು ಮೀರುವ ಆಯ್ಕೆಯೂ ಇದೆ; ದಯವಿಟ್ಟು ಅದನ್ನು ಮುಟ್ಟಬೇಡಿ. ಡೆಬಿಯನ್‌ನ ಹಲವು ಉಪಕರಣಗಳು ಅದೇ ಪೈಥಾನ್ ಅನ್ನು ನಂಬಿಕೊಂಡಿವೆ.

ಸರಿಯಾದ ದಾರಿ ವೆನ್ವ್, ಅಂದರೆ ಯೋಜನೆಗೆಂದೇ ಬೇರೆ ಪೈಥಾನ್ ಪರಿಸರ ಕಟ್ಟಿಕೊಡುವ ಸಾಧನ. ಡೆಬಿಯನ್‌ನಲ್ಲಿ ಅದು ಬೇರೆಯೇ ಪ್ಯಾಕೇಜ್ ಆಗಿರುವುದರಿಂದ ಮೊದಲು ಅದನ್ನು ಹಾಕಿಕೊಂಡೆ. ಯೋಜನೆಯ ಫೋಲ್ಡರಿನಲ್ಲೇ ಒಂದು ಪ್ರತ್ಯೇಕ ಪರಿಸರ ನಿರ್ಮಿಸಿ, ಅದನ್ನು ಚಾಲೂ ಮಾಡಿ, ಒಳಗೆ ಜಾಂಗೋ 5.2 ಸ್ಥಾಪಿಸಿದೆ. 6.0ಕ್ಕೆ ಪೈಥಾನ್ 3.12 ಆದರೂ ಬೇಕು. ಡೆಬಿಯನ್ 12ರಲ್ಲಿರುವುದು 3.11. ಹಾಗಾಗಿ ದೀರ್ಘಾವಧಿ ಬೆಂಬಲವಿರುವ 5.2 ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಯೋಜನೆ ಶುರು ಮಾಡುವ, ಕೋಷ್ಟಕಗಳನ್ನು ನಿರ್ಮಿಸುವ, ಪರೀಕ್ಷಾ ಸರ್ವರ್ ಓಡಿಸುವ ಕಮಾಂಡ್‌ಗಳು ಎಲ್ಲರಿಗೂ ಒಂದೇ. ಅವುಗಳಲ್ಲಿ ತೊಡಕೇನೂ ಇಲ್ಲ. ಡೇಟಾಬೇಸ್ ಆಗಿ ಎಸ್‌ಕ್ಯೂಲೈಟ್ ಸಾಕಾಯಿತು.

ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯನ್ನು ‘ಕೆಎನ್’ ಎಂದೂ ಕಾಲವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದೂ ಬದಲಿಸಿದೆ. ಜಾಂಗೋದ ಭಾಷಾಪಟ್ಟಿಯಲ್ಲಿ ಕನ್ನಡವಿದೆ, ಆದರೆ ಅನುವಾದ ಪೂರ್ತಿಯಾಗಿಲ್ಲ; ಅಡ್ಮಿನ್ ಪುಟದಲ್ಲಿ ಅಲ್ಲಲ್ಲಿ ಇಂಗ್ಲಿಷ್ ಉಳಿಯುತ್ತದೆ. ಅನುವಾದ ಕಡತಗಳನ್ನು ಸಿದ್ಧಪಡಿಸುವ ಗೆಟ್‌ಟೆಕ್ಸ್ಟ್ ಪ್ಯಾಕೇಜ್ ಹಾಕಿಕೊಂಡು, ಉಳಿದ ಮಾತುಗಳನ್ನು ನನ್ನ ಯೋಜನೆಯ ಅನುವಾದ ಕಡತದಲ್ಲಿ ನಾನೇ ಕನ್ನಡಕ್ಕೆ ತಂದೆ.

ಇಷ್ಟಕ್ಕೇ ಎಲ್ಲ ಮುಗಿಯಿತೆಂದುಕೊಂಡು ಪುಸ್ತಕಗಳನ್ನು ತುಂಬಲು ಕೂರಬೇಡಿ. ಶೀರ್ಷಿಕೆಯಿಂದ ಪುಟದ ವಿಳಾಸವನ್ನು ರೂಪಿಸಲು ಜಾಂಗೋದಲ್ಲಿ ಸ್ಲಗಿಫೈ ಎಂಬ ಸಾಧನವಿದೆ. ಕನ್ನಡ ಶೀರ್ಷಿಕೆಯನ್ನು ಕೊಟ್ಟರೆ ಅದು ಖಾಲಿ ಉತ್ತರ ಕೊಡುತ್ತದೆ. ಯೂನಿಕೋಡ್‌ಗೆ ಅನುಮತಿ ಕೊಟ್ಟು ನೋಡಿದರೆ ‘ಬೆಂಗಳೂರು’ ಎಂಬುದು ‘ಬಗಳರ’ ಆಗಿ ಬರುತ್ತದೆ! ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಸ್ವರಚಿಹ್ನೆ, ಅನುಸ್ವಾರ, ಹಲಂತದ ಗುರುತುಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲ. ಅಕ್ಷರ ಉಳಿಯುತ್ತದೆ, ಕಾಗುಣಿತ ಅಳಿಯುತ್ತದೆ. ‘ಕಲೆ’, ‘ಕಾಲ’, ‘ಕೋಲು’ ಮೂರಕ್ಕೂ ‘ಕಲ’ ಎಂಬ ಒಂದೇ ವಿಳಾಸ. ಕೋಟ್ಯಂತರ ಜನ ಓದುವ ಲಿಪಿಗೆ ಇದು ಅನ್ಯಾಯ ಎಂದೇ ನನ್ನ ಭಾವನೆ.

ಪರಿಹಾರ ಕಷ್ಟವಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ವ್ಯಾಪ್ತಿ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟನ್ನು ಉಳಿಸಿಕೊಳ್ಳುವ ಚಿಕ್ಕ ಫಂಕ್ಷನ್ ಬರೆದೆ. ಇಂಥ ವಿಳಾಸಗಳನ್ನು ಉಳಿಸಿಡುವ ಜಾಂಗೋದ ಸ್ಲಗ್‌ಫೀಲ್ಡ್ ಸಹ ಅದೇ ಹಳೆಯ ನಿಯಮದಿಂದ ಪರೀಕ್ಷಿಸುವುದರಿಂದ ಅದನ್ನು ಬಿಟ್ಟು, ಸಾಮಾನ್ಯ ಪಠ್ಯದ ಫೀಲ್ಡ್‌ಗೆ ನನ್ನದೇ ಪರೀಕ್ಷಕವನ್ನು ಜೋಡಿಸಿದೆ. ವಿಳಾಸಗಳನ್ನು ಗುರುತಿಸುವ ‘ಸ್ಲಗ್’ ಪರಿವರ್ತಕ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆಗಳನ್ನಷ್ಟೇ ಒಪ್ಪುತ್ತದೆ. ಅದರ ಜಾಗಕ್ಕೂ ಸ್ವಂತ ಪರಿವರ್ತಕವನ್ನು ನೋಂದಾಯಿಸಿದೆ.

ಅಪ್‌ಲೋಡ್ ಮಾಡುವ ಕಡತಗಳ ಹೆಸರಿಗೂ ಇದೇ ಗತಿ. ಮುಖಪುಟದ ಚಿತ್ರಕ್ಕೆ ಕನ್ನಡದ ಹೆಸರಿದ್ದರೆ ಕಾಗುಣಿತ ಕಳಚಿಯೇ ಡಿಸ್ಕಿಗೆ ಇಳಿಯುತ್ತದೆ. ಚಿತ್ರಗಳಿಗೆ ವಾಚನಾಲಯದ ದಾಖಲೆಯಲ್ಲಿರುವ ಕ್ರಮಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ.

ಹುಡುಕಾಟದಲ್ಲಿ ಬೇರೆಯದೇ ಸಮಸ್ಯೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಒಬ್ಬರು ಅದನ್ನು ಹಾಕಿ ಟೈಪಿಸುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕಂಪ್ಯೂಟರಿಗೆ ಅವೆರಡೂ ಬೇರೆ ಪದಗಳು. ತೋರಿಸಲು ಮೂಲ ಶೀರ್ಷಿಕೆಯನ್ನು ಹಾಗೆಯೇ ಇಟ್ಟು, ಹುಡುಕಲು ಆ ಅಗೋಚರ ಅಕ್ಷರ ತೆಗೆದ ಇನ್ನೊಂದು ಕಾಲಂ ಇಟ್ಟೆ. ಓದುಗರು ಟೈಪಿಸಿದ್ದನ್ನೂ ಹಾಗೆಯೇ ಶುಚಿಗೊಳಿಸಿ ಹೋಲಿಸುತ್ತೇನೆ. ಶೀರ್ಷಿಕೆಯ ಗರಿಷ್ಠ ಉದ್ದವನ್ನೂ ಧಾರಾಳವಾಗಿ ಕೊಡಬೇಕು: ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಜಾಂಗೋದ ಲೆಕ್ಕದಲ್ಲಿ 6.

ತಾಣವನ್ನು ಹೊರಜಗತ್ತಿಗೆ ತೆರೆಯುವ ಮುನ್ನ ದೋಷದ ವಿವರಗಳನ್ನು ತೋರಿಸುವ ಡೀಬಗ್ ಅನ್ನು ಆಫ್ ಮಾಡಿ, ರಹಸ್ಯ ಕೀಲಿಯನ್ನು ಕೋಡಿನಿಂದ ಹೊರಗಿಟ್ಟು, ಜಾಂಗೋವನ್ನು ನಡೆಸುವ ಜಿಯುನಿಕಾರ್ನ್ ಅನ್ನು ಸಿಸ್ಟಂಡಿ (ಹಿನ್ನೆಲೆ ಸೇವೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಸೇವೆಯಾಗಿ ಓಡಿಸಿ, ಅದರ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇಟ್ಟೆ.

ಮೇಲೆ ಹೇಳಿದ ಪದಗಳನ್ನೆಲ್ಲ ಒಂದು ಟೆಸ್ಟ್ ಕಡತದಲ್ಲಿ ಬರೆದಿಟ್ಟಿದ್ದೇನೆ. 5.2ಕ್ಕೆ 2028ರ ಏಪ್ರಿಲ್‌ವರೆಗೆ ಸುರಕ್ಷತಾ ತಿದ್ದುಪಡಿಗಳು ಬರುತ್ತವೆ. ಮುಂದಿನ ಆವೃತ್ತಿಗೆ ಹೋಗುವಾಗ ಹೊಸ ವೆನ್ವ್ ಒಂದರಲ್ಲಿ ಮೊದಲು ಆ ಟೆಸ್ಟ್ ಓಡಿಸಿ, ‘ಬೆಂಗಳೂರು’ ಇಡಿಯಾಗಿ ಹೊರಬಂದರಷ್ಟೇ ಸರ್ವರ್ ಬದಲಿಸುತ್ತೇನೆ.