ಗಂಜಿ, ಗ್ಲೂಕೋಸು ಮತ್ತು ಉಪವಾಸದ ಅವಲಕ್ಕಿ

ಮೊದಲ ದಿನ ಬೆಳಿಗ್ಗೆ ಏಳಕ್ಕೇ ಬಂದು ಬೆಂಚಿನಲ್ಲಿ ಕೂತವರು ನಮ್ಮ ಊರಿನವರೇ, ನಾನು ಅಣ್ಣ ಎಂದು ಕರೆಯುವವರು. "ಉಪವಾಸ ಇದ್ದೀರಲ್ವಾ ಅಣ್ಣ?" ಎಂದು ಕೇಳಿದೆ. "ಇದ್ದೇನೆ ಡಾಕ್ಟ್ರೇ. ಬರೇ ಒಂದು ಹಿಡಿ ಅವಲಕ್ಕಿ, ಮತ್ತೆ ಅರ್ಧ ಲೋಟ ಚಾ."

ಅವರನ್ನು ಬೈಯುವ ಹಾಗಿಲ್ಲ. ತಪ್ಪು ನನ್ನದೇ. ಏಕಾದಶಿಯ ದಿನ ಎಷ್ಟೋ ಮನೆಗಳಲ್ಲಿ ಉಪವಾಸ ಎಂದರೆ ಅನ್ನ ಬಿಡುವುದು ಅಷ್ಟೇ. ಅವಲಕ್ಕಿ, ಬಾಳೆಹಣ್ಣು, ಹಾಲು ಎಲ್ಲ ನಡೆಯುತ್ತದೆ. ನಾನು ಸಮ್ಮತಿ ಪತ್ರದಲ್ಲಿ "ಉಪವಾಸವಿದ್ದು ಬರಬೇಕು" ಎಂದು ಬರೆದಿದ್ದೆ. ಅವರು ಹಾಗೇ ಬಂದಿದ್ದರು.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ವಾಚನಾಲಯದ ಮಹಡಿಯಲ್ಲಿ, ಫಿಸಿಯಾಲಜಿ ಎಂ.ಡಿ. ಓದುವಾಗ ನಾನು ಮಾಡಿದ ಕೆಲಸ ಇದು: ಗಂಜಿ ಉಂಡರೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂದು ಅಳೆಯುವುದು. ಶುರುವಾದದ್ದು ಮನೆಯಿಂದ. ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ಹೇಳಿದ ಮೊದಲ ಮಾತು, ಗಂಜಿ ಬಿಡಿ, ಚಪಾತಿ ತಿನ್ನಿ. ಅಮ್ಮ ಎರಡು ವಾರ ಚಪಾತಿ ತಿಂದರು. ಮೂರನೇ ವಾರ ಕುಚ್ಚಲಕ್ಕಿ ಗಂಜಿಗೆ ವಾಪಸ್ ಬಂದರು, ಅದೂ ತಣ್ಣಗಿನ ಗಂಜಿಗೆ. "ತಣ್ಣಗಾದರೆ ಅಷ್ಟು ಏರುವುದಿಲ್ಲಂತೆ" ಎಂದು ಯಾರೋ ಹೇಳಿದ್ದರು.

ಆ ಮಾತಿನಲ್ಲಿ ಹುರುಳಿಲ್ಲ ಎನ್ನುವ ಹಾಗಿಲ್ಲ. ಬೆಂದ ಅನ್ನ ತಣ್ಣಗಾದಾಗ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಅದನ್ನು ಬಿಡಿಸಿ ಅರಗಿಸುವುದು ಹೊಟ್ಟೆಯ ಕಿಣ್ವಗಳಿಗೆ ಸುಲಭವಲ್ಲ. ಭತ್ತವನ್ನು ಕುಚ್ಚಿ ಒಣಗಿಸುವಾಗಲೂ ಸ್ವಲ್ಪ ಇದೇ ನಡೆಯುತ್ತದೆ. ಪುಸ್ತಕದಲ್ಲಿ ಅಕ್ಕಿಯ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ಗ್ಲೂಕೋಸಿಗೆ ಹೋಲಿಸಿದರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಂಕೆ, ನೋಡಿದರೆ 50ರ ಒಳಗಿನದ್ದೂ ಉಂಟು, 90ರ ಮೇಲಿನದ್ದೂ ಉಂಟು. ನಮ್ಮ ಗಂಜಿ ಎಲ್ಲಿ ಕೂರುತ್ತದೆ, ಬಿಸಿಗೂ ತಣ್ಣಗಿನದಕ್ಕೂ ಎಷ್ಟು ವ್ಯತ್ಯಾಸ? ಇದು ನನ್ನ ಪ್ರಶ್ನೆ.

ವಿಧಾನ ಹೊಸತಲ್ಲ. 1981ರಲ್ಲಿ ಟೊರಾಂಟೋದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಶುರು ಮಾಡಿದ್ದು. ಈಗ ಅದಕ್ಕೆ ಐಎಸ್ಒ 26642 ಎಂಬ ಮಾನಕವೂ ಇದೆ. ಸಕ್ಕರೆ ಕಾಯಿಲೆ ಇಲ್ಲದ ಕನಿಷ್ಠ 10 ಜನ ಬೇಕು. ಒಂದು ದಿನ 50 ಗ್ರಾಂ ಗ್ಲೂಕೋಸನ್ನು 250 ಮಿ.ಲೀ. ನೀರಿನಲ್ಲಿ ಕುಡಿಸಬೇಕು. ಇನ್ನೊಂದು ದಿನ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಆಹಾರ ಕೊಡಬೇಕು. ಎರಡು ಗಂಟೆ ರಕ್ತ ನೋಡಬೇಕು. ಗ್ಲೂಕೋಸಿನ ಏರಿಕೆಯನ್ನು 100 ಎಂದು ಹಿಡಿದು ಆಹಾರದ್ದು ಎಷ್ಟು ಎಂದು ಲೆಕ್ಕ ಹಾಕುವುದು. ಓದುವಾಗ ಸುಲಭ ಅಂತಲೇ ಅನಿಸಿತ್ತು.

ಕಾಲೇಜಿನ ಎಥಿಕ್ಸ್ ಕಮಿಟಿಗೆ ಕೊಟ್ಟ ಫಾರಂ ಇಂಗ್ಲಿಷಿನಲ್ಲಿ ಮತ್ತು ಮಲಯಾಳದಲ್ಲಿ ಇತ್ತು. ಜನಕ್ಕೆ ಅರ್ಥವಾಗುವ ಭಾಷೆಯಲ್ಲೇ ಸಮ್ಮತಿ ತೆಗೆದುಕೊಳ್ಳಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೂ ಉಂಟು. ನನ್ನ 10 ಜನರಲ್ಲಿ ಮಲಯಾಳ ಓದಿ ಸಹಿ ಹಾಕುವವರು ಇಬ್ಬರು. ಉಳಿದವರಿಗಾಗಿ ಕನ್ನಡ ಮಾಡಿದೆ. ನಾನು ಕನ್ನಡ ಮೀಡಿಯಂನಲ್ಲೇ ಓದಿದವಳು, ಒಂದು ಸಂಜೆಯಲ್ಲಿ ಮುಗಿಸಿಬಿಟ್ಟೆ. ಅಲ್ಲೇ ಎಡವಿದ್ದು.

"ಆರೋಗ್ಯವಂತ ಸ್ವಯಂಸೇವಕರು" ಎಂದು ಬರೆದಿದ್ದೆ. ಒಬ್ಬರು ಓದಿ, "ಜಾತ್ರೆಯಲ್ಲಿ ಕೊಟ್ಟ ಹಾಗೆ ಬ್ಯಾಡ್ಜ್ ಉಂಟಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. "ಪ್ರಯೋಗ" ಎಂಬ ಪದ ಇನ್ನೂ ಕಷ್ಟ. ಎಣ್ಮಕಜೆ ಪಂಚಾಯತ್ತು ಇದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದವರೆಗೆ. ಆಮೇಲೆ ಜನರ ಆರೋಗ್ಯ ಪರೀಕ್ಷಿಸಲು ಎಷ್ಟೋ ತಂಡಗಳು ಬಂದವು. "ಮೂರು ಸಲ ರಕ್ತ ಕೊಟ್ಟಿದ್ದೇನೆ ಮಗಾ. ಒಂದು ಚೀಟಿ ತಿರುಗಿ ಬರಲಿಲ್ಲ. ಈಗ ನೀನು ಎಂತ ಪ್ರಯೋಗ ಮಾಡ್ಲಿಕ್ಕೆ ಬಂದದ್ದು?" ಎಂದರು ಒಬ್ಬರು ಅಜ್ಜಿ. ಅವರು ನನ್ನ ಪಟ್ಟಿಯಲ್ಲಿ ಇರಲಿಲ್ಲ, ಅವರ ಮಗ ಇದ್ದರು. ಪ್ರತಿಯೊಬ್ಬರ ಫಲಿತಾಂಶ ಅವರವರ ಮನೆಗೆ ತಂದುಕೊಡುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟೆ. ಫಾರಂನಲ್ಲೂ ಬರೆದೆ.

ಇನ್ನು ಉಪವಾಸ. ಅವಲಕ್ಕಿಯ ಅಣ್ಣನನ್ನು ಆ ದಿನ ವಾಪಸ್ ಕಳಿಸಿ, "ಖಾಲಿ ಹೊಟ್ಟೆಯಲ್ಲಿ" ಎಂದು ತಿದ್ದಲು ಹೊರಟೆ. ಅಮ್ಮನಿಗೆ ಓದಿ ಹೇಳಿದೆ. "ಬೆಳಿಗ್ಗೆ ಚಾ ಕುಡಿಯುವುದು ಖಾಲಿ ಹೊಟ್ಟೆಯಲ್ಲೇ ಅಲ್ವಾ?" ಎಂದರು ಅಮ್ಮ. ಸರಿ, ಅದೂ ಹೋಯಿತು. ಕೊನೆಗೆ ಬರೆದದ್ದು ಹೀಗೆ: ರಾತ್ರಿ ಒಂಬತ್ತರ ಒಳಗೆ ಊಟ ಮುಗಿಸಿ. ಆಮೇಲೆ ನಾವು ಬೆಳಿಗ್ಗೆ ಕೊಡುವವರೆಗೆ ನೀರು ಬಿಟ್ಟು ಬಾಯಿಗೆ ಏನೂ ಹಾಕಬಾರದು. ಚಾ, ಕಾಫಿ, ಹಾಲು, ಬೆಲ್ಲ-ನೀರು, ಎಲೆಯಡಿಕೆ, ಬೀಡಿ ಯಾವುದೂ ಬೇಡ. ಎಲೆಯಡಿಕೆ ಸೇರಿಸದಿದ್ದರೆ ಖಂಡಿತ ಹಾಕಿಕೊಂಡು ಬರುತ್ತಿದ್ದರು. ಅಡಿಕೆಯ ಊರು.

ಇಷ್ಟು ತಿದ್ದಿದ್ದಕ್ಕೆ ಫಾರಂ ಮತ್ತೆ ಕಮಿಟಿಗೆ ಹೋಗಬೇಕಾಯಿತು. ಒಂದು ತಿಂಗಳು ಹೋಯಿತು. ಹೋಗಲಿ.

ಗಂಜಿ ಅಳೆಯುವುದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ತಲೆನೋವು. 50 ಗ್ರಾಂ ಕಾರ್ಬೋಹೈಡ್ರೇಟಿಗೆ ಸುಮಾರು 65 ಗ್ರಾಂ ಅಕ್ಕಿ ಬೇಕು. ಮೊದಲು ನಾಲ್ಕು ಜನರದ್ದನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ತೂಗಿ ಹಂಚಿದೆ. ಗಂಜಿಯಲ್ಲಿ ಅಗುಳು ಅಡಿಗೆ ಹೋಗುತ್ತದೆ, ತೆಳಿ ಮೇಲೆ ನಿಲ್ಲುತ್ತದೆ. ಮೊದಲ ಸೌಟು ಬಿದ್ದವರಿಗೆ ತೆಳಿ, ಕೊನೆಯವರಿಗೆ ಅಗುಳು. ತೂಕ ಒಂದೇ, ಅಕ್ಕಿ ಬೇರೆ ಬೇರೆ. ತೆಳಿ ಬಸಿದು ಚೆಲ್ಲುವ ಹಾಗೂ ಇಲ್ಲ, ಪಿಷ್ಟ ಅದರಲ್ಲೂ ಇರುತ್ತದೆ. ಮತ್ತೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಸ್ಟೀಲ್ ಪಾತ್ರೆ ತಂದೆ. ಅಕ್ಕಿ ತೂಗಿ, ನೀರು ಅಳೆದು, ಬೇರೆ ಬೇರೆಯಾಗಿ ಬೇಯಿಸಿದೆ. ಬೇಯಿಸಿದ ಪಾತ್ರೆಯಲ್ಲೇ ಊಟ. ಕೊನೆಗೆ ಒಂದಿಷ್ಟು ನೀರು ಹಾಕಿ ಕಲಕಿ ಅದನ್ನೂ ಕುಡಿಯುವುದು.

ತಣ್ಣಗಿನದಕ್ಕೆ ಹಿಂದಿನ ರಾತ್ರಿ ಬೇಯಿಸಿ ಫ್ರಿಜ್ಜಿನಲ್ಲಿ 12 ಗಂಟೆ ಇಟ್ಟೆ. ಮನೆಯಲ್ಲಿ ನಾವು ಹಾಗೆ ಮಾಡುವುದಿಲ್ಲ, ಅನ್ನಕ್ಕೆ ನೀರು ಹಾಕಿ ಹೊರಗೇ ಇಡುತ್ತೇವೆ. ಬೆಳಿಗ್ಗೆ ಸ್ವಲ್ಪ ಹುಳಿ ಬಂದಿರುತ್ತದೆ. ಆದರೆ ಹುಳಿಯೂ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ತಂಪಿನಿಂದ ಆದದ್ದಾ ಹುಳಿಯಿಂದ ಆದದ್ದಾ ಎಂದು ಆಮೇಲೆ ಬಿಡಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಫ್ರಿಜ್ಜು. ಇದರಿಂದ ನಾನು ಅಳೆದದ್ದು ಅಮ್ಮ ಉಣ್ಣುವ ಗಂಜಿಯನ್ನೇ ಅಲ್ಲ ಎಂಬುದೂ ನಿಜ.

"ಎಂತ ಡಾಕ್ಟ್ರೇ ಇದು, ಉಪ್ಪಿನಕಾಯಿ ಇಲ್ಲದ ಗಂಜಿಯಾ?" ಎಲ್ಲರ ದೂರು ಇದೇ. ಹನ್ನೆರಡು ನಿಮಿಷದಲ್ಲಿ ಉಂಡು ಮುಗಿಸಬೇಕು ಎಂಬ ನಿಯಮದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಗ್ಲೂಕೋಸಿನ ವಿಷಯದಲ್ಲಿ ಒಂದು ಮಾತು, ಇದು ಹೊಸಬರಿಗೆ. ಪುಡಿಯ ಡಬ್ಬಿಯ ಮೇಲೆ ಮಾನೋಹೈಡ್ರೇಟ್ ಎಂದಿದ್ದರೆ 50 ಗ್ರಾಂ ಅಲ್ಲ, 55 ಗ್ರಾಂ ತೂಗಬೇಕು. ಉಳಿದದ್ದು ನೀರು.

ಒಬ್ಬೊಬ್ಬರಿಗೆ ಐದು ಬೆಳಿಗ್ಗೆ: ಗ್ಲೂಕೋಸು ಮೂರು ಸಲ, ಬಿಸಿ ಗಂಜಿ ಒಂದು, ತಣ್ಣಗಿನದು ಒಂದು. ಯಾವ ದಿನ ಯಾವುದು ಎಂದು ಚೀಟಿ ಎತ್ತಿದ್ದು. ಪ್ರತಿ ಸಲ ಊಟಕ್ಕೆ ಮೊದಲು ಎರಡು, ಆಮೇಲೆ 15, 30, 45, 60, 90, 120ನೇ ನಿಮಿಷಕ್ಕೆ ಒಂದೊಂದು ಚುಚ್ಚು. ಒಟ್ಟು 40. ಬೆರಳಿನ ತುದಿಯ ನಡುವೆ ಚುಚ್ಚಬಾರದು, ಬದಿಗೆ ಚುಚ್ಚಿದರೆ ನೋವು ಕಡಿಮೆ. ಮೊದಲ ಹನಿ ಒರೆಸಿಬಿಡಬೇಕು. ಹಿಂಡಬಾರದು. ಹಿಂಡಿದರೆ ಅಂಗಾಂಶದ ನೀರು ಸೇರುತ್ತದೆ. ರಬ್ಬರ್ ಟ್ಯಾಪಿಂಗ್ ಮಾಡಿ ಬಂದವರ ಬೆರಳು ಗಟ್ಟಿ, ಅವರಿಗೆ ಬಿಸಿ ನೀರಿನಲ್ಲಿ ಕೈ ಅದ್ದಿಸುತ್ತಿದ್ದೆ.

ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ಅಕ್ಕ ಒಬ್ಬರು ಬಂದರು. ಒಳ್ಳೆ ಆರೋಗ್ಯ. ಹಿಂದಿನ ಎರಡು ಸಲ ಊಟಕ್ಕೆ ಮೊದಲಿನ ಸಕ್ಕರೆ 90ರ ಆಸುಪಾಸು. ಆ ದಿನ ಸ್ಪಿರಿಟ್ ಹಚ್ಚಿ ಚುಚ್ಚಿ ಮೀಟರಿಗೆ ಹಿಡಿದರೆ 168. "ಏನಾದರೂ ತಿಂದಿರಾ ಅಕ್ಕ?" "ದೇವರಾಣೆ ಇಲ್ಲ." ಇನ್ನೊಂದು ಬೆರಳು: 159. ಅವರ ಮುಖ ಬಾಡಿತು, ಸಕ್ಕರೆ ಕಾಯಿಲೆ ಬಂದೇ ಬಿಟ್ಟಿತು ಅಂತ. ಆಗ ನನಗೆ ವಾಸನೆ ಬಡಿಯಿತು. ಕೈಗೆ ತೆಂಗಿನೆಣ್ಣೆ. ಅದರಡಿಯಲ್ಲಿ ಹಲಸಿನ ಹಣ್ಣಿನ ಘಮ. ಮೇಣ ಅಂಟದ ಹಾಗೆ ಎಣ್ಣೆ ಹಚ್ಚಿಕೊಂಡು, ಮೊಮ್ಮಕ್ಕಳಿಗೆ ಹಣ್ಣಿನ ತೊಳೆ ಬಿಡಿಸಿ ಇಟ್ಟು ಬಂದಿದ್ದರು. ಒಂದು ತೊಳೆ ಬಾಯಿಗೆ ಹಾಕಿರಲಿಲ್ಲ. ಸ್ಪಿರಿಟ್ಟಿನಿಂದ ಬೆರಳಿನ ಸಕ್ಕರೆ ಹೋಗುವುದಿಲ್ಲ. ನಲ್ಲಿಯ ಕೆಳಗೆ ಸೋಪು ಹಾಕಿ ಎರಡು ಸಲ ತೊಳೆಸಿದೆ. ಒರೆಸಿ ಚುಚ್ಚಿದರೆ 91.

ಆ ದಿನದಿಂದ ಬಾಗಿಲಲ್ಲೇ ಬಕೆಟು, ಚೊಂಬು, ಸೋಪು.

ಮೀಟರು ಇಂಥ ತಪಾಸಣೆಗೆ ಮಾತ್ರ. ಅದರ ಲೆಕ್ಕದಲ್ಲಿ 15 ಶೇಕಡಾ ಆಚೆ ಈಚೆ ಆದರೂ ಮೀಟರುಗಳ ಮಾನಕ ಒಪ್ಪುತ್ತದೆ, ನನ್ನ ಕೆಲಸಕ್ಕೆ ಅದು ಸಾಲದು. ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ತೆಗೆದು ಲ್ಯಾಬಿಗೆ ಒಯ್ಯುತ್ತಿದ್ದೆ. ಫ್ಲೋರೈಡ್ ಇದೆಯಲ್ಲ ಎಂದು ಸುಮ್ನೆ ಕೂರುವ ಹಾಗಿಲ್ಲ. ರಕ್ತಕಣಗಳು ಟ್ಯೂಬಿನಲ್ಲೂ ಸಕ್ಕರೆ ತಿನ್ನುತ್ತಿರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ. ಕಣಗಳು ಸಕ್ಕರೆಯನ್ನು ಸಾಲಾಗಿ ಹಲವು ಹಂತಗಳಲ್ಲಿ ಒಡೆಯುತ್ತವೆ; ಫ್ಲೋರೈಡ್ ತಡೆಯುವುದು ಆ ಸಾಲಿನ ಕೊನೆಯ ಹತ್ತಿರದ ಇನೋಲೇಸ್ ಎಂಬ ಕಿಣ್ವವನ್ನು. ಆ ತಡೆ ಸಾಲಿನ ಮೊದಲ ಹಂತದವರೆಗೆ ಮುಟ್ಟುವಷ್ಟರಲ್ಲಿ ಒಂದೆರಡು ಗಂಟೆ ಆಗಿಹೋಗುತ್ತದೆ. ಅಲ್ಲಿಯವರೆಗೆ ಕಾಯುವುದು ಐಸು. ಮಳೆ ಶುರುವಾದ ಮೇಲೆ ಕರೆಂಟು ಯಾವಾಗ ಹೋಗುತ್ತದೆ ಹೇಳಲಿಕ್ಕಾಗದು, ರಕ್ತಕಣಗಳನ್ನು ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ನಿಂತರೆ ಐಸೇ ಗತಿ. ಮೀನು ಮಾರಲು ಬರುವವರ ಹತ್ತಿರ ಥರ್ಮಾಕೋಲ್ ಪೆಟ್ಟಿಗೆ ಸಮೇತ ತೆಗೆದುಕೊಳ್ಳುತ್ತಿದ್ದೆ. ಪಾಪ, ದುಡ್ಡು ಕೇಳಲಿಲ್ಲ. ಲ್ಯಾಬಿನವರು ಮಾತ್ರ ಪೆಟ್ಟಿಗೆ ತೆರೆದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರಂಭದ ಮಟ್ಟಕ್ಕಿಂತ ಮೇಲಿರುವ ಭಾಗದ ವಿಸ್ತೀರ್ಣ ಮಾತ್ರ ಹಿಡಿಯುವುದು, ಕೆಳಗೆ ಇಳಿದದ್ದನ್ನು ಬಿಡುವುದು. ಒಬ್ಬೊಬ್ಬರ ಗಂಜಿಯನ್ನು ಅವರದೇ ಗ್ಲೂಕೋಸಿಗೆ ಹೋಲಿಸಿ ಕೊನೆಗೆ ಸರಾಸರಿ ತೆಗೆಯುವುದು. ಕೆಲವರಲ್ಲಿ ತಣ್ಣಗಿನದು ಕೆಳಗೆ ಬಂತು, ಕೆಲವರಲ್ಲಿ ಮೇಲೆ. ಹತ್ತು ಜನರನ್ನು ಇಟ್ಟುಕೊಂಡು "ತಣ್ಣಗಿನ ಗಂಜಿ ಒಳ್ಳೆಯದು" ಎನ್ನುವ ಧೈರ್ಯ ನನಗೆ ಇಲ್ಲ. ಅಮ್ಮನಿಗೂ ಹಾಗೇ ಹೇಳಿದೆ. "ಎಷ್ಟು ತಣ್ಣಗೆ ಅಂತ ನೋಡುವುದಕ್ಕಿಂತ ಎಷ್ಟು ಸೌಟು ಅಂತ ನೋಡಿ." ಅಮ್ಮನಿಗೆ ಅದು ಹಿಡಿಸಲಿಲ್ಲ.

ಮಾತು ಕೊಟ್ಟಂತೆ ಎಲ್ಲರ ಮನೆಗೆ ಹೋದೆ. ಅಜ್ಜಿ ಮಗನ ಕಾಗದವನ್ನು ಕನ್ನಡಕ ಹಾಕಿಕೊಂಡು ಓದಿ, ಮಡಚಿ, ಪಂಚಾಂಗದ ಒಳಗೆ ಇಟ್ಟರು. ಕೊನೆಗೆ ಅವಲಕ್ಕಿಯ ಅಣ್ಣನ ಮನೆ. ಜಗಲಿಯಲ್ಲಿ ಬೆಲ್ಲ-ನೀರು ಕೊಟ್ಟು, ಕಾಗದ ತೆಗೆದುಕೊಂಡರು. ಅವರ ಮೂರು ಗ್ಲೂಕೋಸಿನ ಗೆರೆಗಳನ್ನು ಮೂರು ಬಣ್ಣದಲ್ಲಿ ಬರೆದಿದ್ದೆ. ಎರಡು ಹೆಚ್ಚುಕಡಿಮೆ ಜೊತೆಗೇ ಹೋಗಿದ್ದವು, ಕೆಂಪು ಗೆರೆ ಮಾತ್ರ ತುಂಬ ಮೇಲೆ.

"ಮೂರೂ ನನ್ನದೇಯಾ?"

"ನಿಮ್ಮದೇ. ಒಬ್ಬರಲ್ಲೇ ದಿನದಿಂದ ದಿನಕ್ಕೆ ಹೀಗೆ ಬದಲಾಗುತ್ತದೆ. ಅದಕ್ಕೇ ಮೂರು ಸಲ ಮಾಡುವುದು."

ಅವರು ಕೆಂಪು ಗೆರೆಯ ಕೆಳಗಿನ ತಾರೀಕಿಗೆ ಬೆರಳಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. "ಇದು ಯಕ್ಷಗಾನ ಆಟದ ಮಾರನೇ ದಿನ ಅಲ್ವಾ? ಬೆಳಗಿನವರೆಗೆ ಕೂತು ನೋಡಿ ಅಲ್ಲಿಂದಲೇ ಸೀದಾ ನಿಮ್ಮಲ್ಲಿಗೆ ಬಂದದ್ದು. ಕಣ್ಣು ಮುಚ್ಚಿರಲಿಲ್ಲ."

ನಿದ್ದೆಗೆಟ್ಟರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದನ್ನು ಪಾಠ ಮಾಡುವವಳೇ ನಾನು. ನನ್ನ ಫಾರಂನಲ್ಲಿ ರಾತ್ರಿಯ ಊಟಕ್ಕೆ ಕಾಲಂ ಇತ್ತು, ಚಾಕ್ಕೆ ಇತ್ತು, ಎಲೆಯಡಿಕೆಗೆ ಇತ್ತು.

"ಹೇಳಬಾರದಿತ್ತಾ ಅಣ್ಣ?"

"ನೀವು ತಿಂದದ್ದು ಮಾತ್ರ ಕೇಳಿದ್ದು ಡಾಕ್ಟ್ರೇ" ಎಂದರು. ಬ್ಯಾಗಿನಿಂದ ಪೆನ್ನು ತೆಗೆದು ಕೆಂಪು ಗೆರೆಯ ಪಕ್ಕದಲ್ಲಿ "ಆಟ" ಎಂದು ಬರೆದುಕೊಂಡೆ.