2 ಜಿಬಿಯಲ್ಲೇ ನಡೆಯುತ್ತದೆ: ಎಂಟು ಹಳೇ ಕಂಪ್ಯೂಟರ್, ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ, 371ಜೆ ಸರ್ಟಿಫಿಕೇಟ್, ಪರೀಕ್ಷೆ ಅರ್ಜಿ, ಎಲ್ಲ ಮಾಡಿಕೊಡುತ್ತೇವೆ. ಎಂಟು ಕಂಪ್ಯೂಟರ್. ಎಂಟೂ ಹಳೇ ಕೋರ್ 2 ಡ್ಯುಯೋ, 2 ಜಿಬಿ ರ್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಮೇಲೆ ವಿಂಡೋಸ್ ಅಲ್ಲ, ಲಿನಕ್ಸ್‌ನ ಡೆಬಿಯನ್ 12. ಇವನ್ನು ಗುಜರಿಗೆ ಹಾಕು ಅಂತ ಹೇಳದವರೇ ಇಲ್ಲ. ಈಗ ಅವೇ ಮುಂಜಾನೆ ಒಂಬತ್ತಕ್ಕೆ, ಕೂತ ಕ್ಷಣದಿಂದಲೇ ಓಡುತ್ತಿವೆ.

ಕಾಟ ಇದ್ದದ್ದು ಮುಂಜಾನೆ ಮಾತ್ರ. ಬ್ಯಾಕಪ್ ಆಗಲಿ ಅಂತ ರಾತ್ರಿ ಮಷಿನ್‌ಗಳನ್ನು ಆನ್ ಇಟ್ಟೇ ಹೋಗುತ್ತಿದ್ದೆವು. ಅರ್ಧ ತುಂಬಿದ ಫಾರ್ಮ್‌ಗಳೂ ಬ್ರೌಸರ್‌ನಲ್ಲಿ ತೆರೆದೇ ಇರುತ್ತಿದ್ದವು. ಮುಂಜಾನೆ ಬಂದು ಮೌಸ್ ಅಲ್ಲಾಡಿಸಿದರೆ ಡಿಸ್ಕ್ ಲೈಟ್ ಹತ್ತಿದ್ದು ಆರುತ್ತಲೇ ಇರಲಿಲ್ಲ. ಮೊಬೈಲ್‌ನಲ್ಲಿ ಟೈಮ್ ಹಿಡಿದೆ. ಸುಮಾರು 2 ನಿಮಿಷ 10 ಸೆಕೆಂಡ್. ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ. ದಿನಕ್ಕೆ ನಾಲ್ಕೈದು ಜನ ಹೋದರೂ ತಿಂಗಳಿಗೆ ಆರು ಸಾವಿರ ಖೋತಾ.

ಹಾರ್ಡ್‌ವೇರ್ ಗೆಳೆಯರದು ಒಂದೇ ಮಾತು. “ಎರಡು ಜಿಬಿದಾಗ ಏನ್ ನಡೀತದ್ರೀ ಅಣ್ಣಾ, ಹೊಸಾವು ತಗೋರಿ.” ಒಂದಕ್ಕೆ 25 ಸಾವಿರ ಅಂದರೂ ಎಂಟಕ್ಕೆ 2 ಲಕ್ಷ. ಇದೇ ಮಷಿನ್ ಮಧ್ಯಾಹ್ನ ಚೆನ್ನಾಗಿ ಓಡುತ್ತಲ್ಲ, ರಾತ್ರಿ ರ್ಯಾಮ್ ಕಡಿಮೆ ಆಗುತ್ತಾ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ರ್ಯಾಮ್ ಸಾಲದಾಗ ಲಿನಕ್ಸ್ ಬಳಸದೇ ಬಿದ್ದಿರುವುದನ್ನು ಡಿಸ್ಕಿನ ಸ್ವ್ಯಾಪ್ ಅನ್ನುವ ಜಾಗಕ್ಕೆ ತಳ್ಳುತ್ತದೆ. ಎಷ್ಟು ಸುಲಭವಾಗಿ ತಳ್ಳಬೇಕು ಅನ್ನುವ ಅಂಕಿಯೇ ಸ್ವ್ಯಾಪಿನೆಸ್. ಅದು 60 ಇದ್ದದ್ದನ್ನು 10ಕ್ಕೆ ಇಳಿಸಿದೆ. 2 ನಿಮಿಷ ಹೋಗಿ ಒಂದೂವರೆ ನಿಮಿಷ ಆಯಿತು. ಆಮೇಲೆ ಸಿಟ್ಟಿಗೆ ಸ್ವ್ಯಾಪನ್ನೇ ಬಂದ್ ಮಾಡಿದೆ. ಅದು ದೊಡ್ಡ ತಪ್ಪು. ಮೂರನೇ ದಿನ ಒಬ್ಬ ಹುಡುಗಿ ಅರ್ಜಿ ತುಂಬಿ ಫೋಟೊ ಅಪ್‌ಲೋಡ್ ಮಾಡುವಾಗ ಮೆಮೊರಿ ತುಂಬಿತು. ಲಿನಕ್ಸ್‌ನ ತಿರುಳಾದ ಕರ್ನಲ್, ಮೆಮೊರಿ ಹಂಚುವುದು ಅದೇ, ಬ್ರೌಸರನ್ನೇ ಕೊಂದು ಹಾಕಿತು. ಅವತ್ತೇ ಕೊನೆಯ ದಿನ. ರಾತ್ರಿ ಹತ್ತರವರೆಗೆ ಕೂತು ಮತ್ತೆ ತುಂಬಿಸಿದೆ, ದುಡ್ಡು ತಗೊಳ್ಳಲಿಲ್ಲ. ಸ್ವ್ಯಾಪ್ ಇಲ್ಲದಿದ್ದರೂ ಮುಂಜಾನೆ ಡಿಸ್ಕ್ ಲೈಟ್ ಹೊಡೆದುಕೊಳ್ಳುತ್ತಲೇ ಇತ್ತು. ಬ್ರೌಸರ್ ಪ್ರೋಗ್ರಾಮಿನ ಕೋಡ್ ಸ್ವ್ಯಾಪ್‌ಗೆ ಹೋಗುವುದಿಲ್ಲ, ಕರ್ನಲ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ, ಬೇಕಾದಾಗ ಫೈಲಿನಿಂದ ಮತ್ತೆ ಓದುತ್ತದೆ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ಸ್ವ್ಯಾಪ್ ಮತ್ತೆ ಆನ್ ಮಾಡಿದೆ. ಕಳ್ಳ ಸಿಕ್ಕಿದ್ದು ಮೆಮೊರಿ ಲೆಕ್ಕ ತೋರಿಸುವ ವಿಎಂಸ್ಟ್ಯಾಟ್ ಕಮಾಂಡ್‌ನಿಂದ. ನಿಮಿಷಕ್ಕೊಮ್ಮೆ ಬರೆದಿಡು ಅಂತ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ರ್ಯಾಮ್‌ನಿಂದ ಸ್ವ್ಯಾಪ್‌ಗೆ ಹೋಗುವ ಲೆಕ್ಕದ ಎಸ್‌ಓ ಕಾಲಮ್ ರಾತ್ರಿ ಎರಡರವರೆಗೆ ಸೊನ್ನೆ. ಎರಡಕ್ಕೆ ಬ್ಯಾಕಪ್ ಶುರು, ಅಲ್ಲಿಂದ ಎಸ್‌ಓ ಏರಿದ್ದೇ ಏರಿದ್ದು. ಬ್ಯಾಕಪ್ ಮಾಡುವ ಆರ್‌ಸಿಂಕ್, ಯಾವುದು ಬದಲಾಗಿದೆ ಅಂತ ನೋಡಲು ಸ್ಕ್ಯಾನ್ ಫೈಲುಗಳನ್ನೆಲ್ಲ ಚೆಕ್‌ಸಮ್ ಹಾಕಿ ಪೂರ್ತಿ ಓದುತ್ತಿತ್ತು, ಬದಲಾದ ಫೈಲುಗಳನ್ನು ಕಳಿಸಲು ಮತ್ತೊಮ್ಮೆ ಓದುತ್ತಿತ್ತು. ಜೊತೆಗೆ ಫೈಲ್ ಹುಡುಕಲು ಪಟ್ಟಿ ಮಾಡಿಡುವ ಅಪ್‌ಡೇಟ್‌ಡಿಬಿ ಇಡೀ ಡಿಸ್ಕ್ ಜಾಲಾಡುತ್ತಿತ್ತು. ಕರ್ನಲ್ ನೋಡಿದ್ದು ಇಷ್ಟೇ: ಬ್ರೌಸರನ್ನು ಐದಾರು ತಾಸು ಯಾರೂ ಮುಟ್ಟಿಲ್ಲ, ಈ ಫೈಲುಗಳನ್ನು ಈಗ ತಾನೇ ಓದುತ್ತಿದ್ದಾರೆ. ಅದರ ಪ್ರಕಾರ ಸರಿಯೇ. ಆದರೆ ಆ ಫೈಲು ಮುಂಜಾನೆ ಯಾರಿಗೂ ಬೇಡ, ಬ್ರೌಸರ್ ಬೇಕು.

ಲೆಕ್ಕವೂ ಕೂಡಿತು. ಸ್ವ್ಯಾಪ್‌ನಲ್ಲಿ ಹೆಚ್ಚುಕಡಿಮೆ 400 ಎಂಬಿ. ಮೆಮೊರಿಯನ್ನು ಕರ್ನಲ್ 4 ಕೆಬಿಯ ತುಂಡು, ಅಂದರೆ ಪುಟಗಳ ಲೆಕ್ಕದಲ್ಲಿ ಇಡುತ್ತದೆ. ಒಂದು ಓದಿಗೆ 8 ಪುಟ, ಅಂದರೆ 12-13 ಸಾವಿರ ಓದು. ನನ್ನ ಡಿಸ್ಕ್ ಚದುರಿದ ಜಾಗದಿಂದ ಸೆಕೆಂಡಿಗೆ ನೂರು ಓದಿದರೆ ಹೆಚ್ಚು. ಎರಡು ನಿಮಿಷ ಬಂತಲ್ವಾ? ಆ ದಿನ ಮಿರ್ಚಿ ಭಜಿ ತರಿಸಿ ಹುಡುಗರಿಗೆಲ್ಲ ಕೊಟ್ಟೆ.

ಮಾಡಿದ್ದು ಮೂರು ಕೆಲಸ. ಅಪ್‌ಡೇಟ್‌ಡಿಬಿ ತೆಗೆದೆ. ಬ್ಯಾಕಪ್ಪನ್ನು ಸಿಸ್ಟಮ್‌ಡಿ-ರನ್ ಕಮಾಂಡ್ ಮೂಲಕ ಮೆಮೊರಿಮ್ಯಾಕ್ಸ್, ಅಂದರೆ ಇಷ್ಟೇ ಮೆಮೊರಿ ಅನ್ನುವ ಮಿತಿ ಹಾಕಿ ಓಡಿಸಿದೆ. ಈ ಮಿತಿ ಹಾಕುವ ಕರ್ನಲ್ ವ್ಯವಸ್ಥೆ ಸಿಗ್ರೂಪ್. ಅದರಲ್ಲಿ ಫೈಲ್ ಕ್ಯಾಶ್, ಅಂದರೆ ಓದಿ ರ್ಯಾಮ್‌ನಲ್ಲಿ ಇಟ್ಟ ಫೈಲು ಕೂಡ ಬ್ಯಾಕಪ್ಪಿನ ಲೆಕ್ಕಕ್ಕೇ ಬೀಳುವುದರಿಂದ ಬ್ಯಾಕಪ್ ತನ್ನ ಹಳೇ ಫೈಲನ್ನೇ ತಳ್ಳಿಕೊಳ್ಳುತ್ತದೆ, ಬ್ರೌಸರ್ ತಂಟೆಗೆ ಬರುವುದಿಲ್ಲ. ಎಷ್ಟು ಎಂಬಿ ಹಾಕಬೇಕು ಅನ್ನುವುದನ್ನು ನಾನು ಹೇಳಲ್ಲ, 20 ರಾತ್ರಿ ಕೂತು ಹುಡುಕಿದ ಅಂಕಿ ಅದು. ಮೂರನೆಯದು ಝಡ್‌ರ್ಯಾಮ್, ಅಂದರೆ ಡಿಸ್ಕಿನ ಬದಲು ರ್ಯಾಮ್‌ನಲ್ಲೇ ಒತ್ತಿ ಚಿಕ್ಕದಾಗಿಸಿ ಇಡುವ ಸ್ವ್ಯಾಪ್. 1 ಜಿಬಿ ಸೈಜ್, ಒತ್ತಲು ಎಲ್‌ಝಡ್4 ವಿಧಾನ, ಮೊದಲು ಇದೇ ತುಂಬಲಿ ಅಂತ ಡಿಸ್ಕ್ ಸ್ವ್ಯಾಪ್‌ಗಿಂತ ಹೆಚ್ಚಿನ ಪ್ರಯಾರಿಟಿ, ಸಲಕ್ಕೆ ಒಂದೇ ಪುಟ ಓದಲಿ ಅಂತ ಪೇಜ್ ಕ್ಲಸ್ಟರ್ ಸೊನ್ನೆ. ನನ್ನಲ್ಲಿ 600 ಎಂಬಿ ಹೋದರೆ 220ರ ಆಸುಪಾಸಿನಲ್ಲಿ ಕೂರುತ್ತದೆ. ಈಗ ಸ್ವ್ಯಾಪಿನೆಸ್ 10 ಅಲ್ಲ, 150! 5.8 ಕರ್ನಲ್‌ನಿಂದ 200ರವರೆಗೆ ಹೋಗಬಹುದು. ಒತ್ತಿದ ರ್ಯಾಮ್‌ನಿಂದ ತೆಗೆಯುವುದು ಡಿಸ್ಕ್‌ಗಿಂತ ಎಷ್ಟೋ ಅಗ್ಗ.

ಮುಂಜಾನೆ 8:40ಕ್ಕೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಪ್ರೋಗ್ರಾಮ್) ಡಿಸ್ಕ್ ಸ್ವ್ಯಾಪ್ ಆಫ್ ಮಾಡಿ ಮತ್ತೆ ಆನ್ ಮಾಡುತ್ತೇನೆ, ಅಲ್ಲಿ ಉಳಿದದ್ದೆಲ್ಲ ರ್ಯಾಮ್‌ಗೆ ವಾಪಸ್ ಬರುತ್ತದೆ. ರ್ಯಾಮ್‌ನಲ್ಲಿ ಜಾಗ ಇದೆಯಾ ಅಂತ ಮೊದಲು ನೋಡಲೇಬೇಕು. ಒಮ್ಮೆ ನೋಡದೆ ಮಾಡಿ ನಾಲ್ಕನೇ ಮಷಿನ್ ಪೂರ್ತಿ ನಿಂತಿತ್ತು. ಆಸ್ಟ್ರೇಲಿಯಾದ ಅರಿವಳಿಕೆ ಡಾಕ್ಟರ್ ಕಾನ್ ಕೊಲಿವಾಸ್ ಇದನ್ನೇ ಕರ್ನಲ್ ಒಳಗೆ ಮಾಡಿದ್ದರು. ಕಂಪ್ಯೂಟರ್ ಸುಮ್ಮನಿದ್ದಾಗ ಸ್ವ್ಯಾಪ್‌ನಿಂದ ಮೆಲ್ಲಗೆ ಎಳೆದು ತರುವ ಪ್ಯಾಚ್ ಅದು. ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ, 2007ರಲ್ಲಿ ಅವರು ಆ ಕೆಲಸವನ್ನೇ ನಿಲ್ಲಿಸಿದರು. ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ನಡುವೆ ಪೆನ್ ಡ್ರೈವ್‌ಗೂ ಸ್ವ್ಯಾಪ್ ಹಾಕಿ ನೋಡಿದೆ. 350 ರೂಪಾಯಿಯದು, ಮೂರು ವಾರಕ್ಕೆ ಸತ್ತಿತು. ಬೇಡವೇ ಬೇಡ.

ಈಗ ಮುಂಜಾನೆ ಟೈಮ್ ಹಿಡಿದರೆ 5-6 ಸೆಕೆಂಡ್. ಖರ್ಚಾದದ್ದು ಬ್ಯಾಕಪ್ ಹೋಗುವ ಸರ್ವರ್‌ಗೆ ಒಂದು ಎಸ್‌ಎಸ್‌ಡಿ, 1,900 ರೂಪಾಯಿ.

ಸದ್ಯ ಕರೆಂಟ್ ಉಳಿಸುವ ಕೆಲಸ ಹಿಡಿದಿದ್ದೇನೆ. ಒಂದು ಮಷಿನ್ ಸುಮ್ಮನಿದ್ದರೂ 50 ವ್ಯಾಟ್ ತಿನ್ನುತ್ತದೆ. ಎಂಟಕ್ಕೆ ರಾತ್ರಿ ಸುಮಾರು 5 ಯೂನಿಟ್, ನನ್ನ ಬಿಲ್ಲಿನ ಲೆಕ್ಕದಲ್ಲಿ ತಿಂಗಳಿಗೆ ಸಾವಿರದ ಮೇಲೆ. ಅದಕ್ಕೇ ಮಷಿನ್ ಸಸ್ಪೆಂಡ್ ಮಾಡಿ (ಮಲಗಿಸಿ), ಹೇಳಿದ ಹೊತ್ತಿಗೆ ಎಬ್ಬಿಸುವ ಆರ್‌ಟಿಸಿವೇಕ್ ಕಮಾಂಡ್‌ನಿಂದ ರಾತ್ರಿ ಎರಡಕ್ಕೆ ಎಬ್ಬಿಸಿ, ಬ್ಯಾಕಪ್ ಮುಗಿದ ಮೇಲೆ ಮತ್ತೆ ಮಲಗಿಸುತ್ತೇನೆ. ಐದು ಮಷಿನ್ ಏಳುತ್ತವೆ. ಉಳಿದ ಮೂರು ಏಳುವುದಿಲ್ಲ, ಬಯಾಸ್ ಸೆಟ್ಟಿಂಗ್ ಎಲ್ಲ ನೋಡಿದ್ದಾಯಿತು. ಅದೇ ಬೋರ್ಡ್ ನಿಮ್ಮಲ್ಲಿ ಯಾರದಾದರೂ ಎದ್ದಿದ್ದರೆ ನನಗೆ ತಿಳಿಸಿ.