‘ತಲಿ ಸರಿ ಇಲ್ಲಂತ ಬರದು ಕೊಡ್ರಿ’

ಬೆಳಗಾವಿಯಲ್ಲಿ ಮನೋವೈದ್ಯೆಯಾಗಿ ಕೂತವರಿಗೆ ವರ್ಷಕ್ಕೆ ಎರಡು ಹಂಗಾಮು ತಪ್ಪಿದ್ದಲ್ಲ. ಒಂದು ನವೆಂಬರ್ 1ರ ಆಸುಪಾಸು. ಆವತ್ತು ಊರಿನ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಕರಾಳ ದಿನ. ಎರಡನೆಯದು ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ. ಮಹಾರಾಷ್ಟ್ರ ಹೂಡಿದ ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅಲ್ಲಿ ಒಂದು ತಾರೀಖು ಬಿದ್ದರೂ, ಯಾರೋ ಒಂದು ಹೇಳಿಕೆ ಒಗೆದರೂ ಇಲ್ಲಿ ಪೇಟೆಯ ಶಟರ್ ಅರ್ಧಕ್ಕೆ ಇಳಿಯುತ್ತವೆ.

ಇಂಥ ದಿನಗಳಲ್ಲಿ ನಮ್ಮ ವೃತ್ತಿಯವರು ಏನು ಮಾಡಬೇಕು ಅಂತ ಕಿರಿಯರು ಕೇಳುತ್ತಾರೆ. ಉಪದೇಶ ನನಗೆ ಬರುವುದಿಲ್ಲ. ಮಾಡಿದ್ದನ್ನು ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

2022ರ ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಅತ್ತ ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಎರಡು ರಾಜ್ಯಗಳ ನಡುವಿನ ಬಸ್ಸು ನಿಂತು, ಮತ್ತೆ ಹೊರಟವು. ಹೊರಟ ಮೇಲೆ ಒಬ್ಬ ಕಂಡಕ್ಟರ್ ನನ್ನ ಕ್ಲಿನಿಕ್ಕಿಗೆ ಬಂದರು. ನನ್ನ ಎದುರಿನ ಕುರ್ಚಿ ಬಿಟ್ಟು, ಬಾಗಿಲು ಕಾಣುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತರು. ಡ್ಯೂಟಿ ಮುಗಿಸಿ ಬಂದಿದ್ದರೂ ಹೆಬ್ಬೆರಳು ಮಾತ್ರ ಇಲ್ಲದ ಟಿಕೆಟ್ ಮಷಿನ್ ಒತ್ತುತ್ತಲೇ ಇತ್ತು.

“ಬಾಯಾರ, ನಿಪ್ಪಾಣಿ ದಾಟಿದ ಕೂಡ್ಲೇ ಎದಿ ಡಬಡಬ ಅಂತೈತ್ರಿ. ಗಾಜು ಸಪ್ಪಳಾದ್ರ ಸಾಕು, ತಲಿ ಬಗ್ಗಿಸ್ತೀನಿ. ಮನ್ಯಾಗ ಹುಡುಗ್ರು ನಗ್ತಾವ.”

ನಿದ್ದೆ ಗುಳಿಗೆ ಬೇಕು ಅಂದರು. ಕೊಡಲಿಲ್ಲ. ಇಂಥ ಘಟನೆಯಾದ ಮೊದಲ ತಿಂಗಳಲ್ಲಿ ಬೆಂಜೊಡಯಾಜಪೀನ್ ಅನ್ನುವ ನಿದ್ದೆ ಬರಿಸುವ ಜಾತಿಯ ಗುಳಿಗೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ‘ಎಲ್ಲಾ ಬಿಡಿಸಿ ಹೇಳ್ರಿ’ ಅಂತ ಕೂಡಿಸಿಕೊಂಡು ಕೆದಕುವುದೂ ಬೇಡ. ಅದರಿಂದ ಲಾಭವಿಲ್ಲ, ಕೆಲವರಿಗೆ ಕೇಡೂ ಆಗುತ್ತದೆ. ಮೈ ನಡುಗುವುದು, ನಿದ್ದೆ ಹಾರುವುದು ಹುಚ್ಚಲ್ಲ, ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಅಂತ ತಿಳಿಸಿ ಹೇಳಿದೆ. ಕೆಲ ದಿನ ಊರೊಳಗಿನ ರೂಟ್ ಕೊಡಿ ಅಂತ ಡಿಪೊಗೆ ಒಂದು ಚೀಟಿ ಬರೆದೆ. ಚೀಟಿಯಲ್ಲಿ ಕಾಯಿಲೆಯ ಹೆಸರಿರಲಿಲ್ಲ. ಒಮ್ಮೆ ಬಸ್ಸಿನ ಸಿಬ್ಬಂದಿಗೆಲ್ಲ ‘ಮಾನಸಿಕ’ ಅಂತ ಮೊಹರು ಬಿದ್ದರೆ ಆಮೇಲೆ ಅಳಿಸುವವರು ಯಾರು?

ಅದೇ ವಾರ ಇನ್ನೊಬ್ಬರು ಬಂದರು. ಮಗನ ಮೇಲೆ ಕಲ್ಲು ಒಗೆದ ಕೇಸು.

“ಹುಡುಗಂದು ತಲಿ ಸರಿ ಇಲ್ಲಂತ ಒಂದು ಕಾಗದ ಬರದು ಕೊಡ್ರಿ ಬಾಯಾರ. ಪಾರಾಗ್ತಾನ.”

ಹುಡುಗನನ್ನು ಒಬ್ಬನೇ ಕೂಡಿಸಿಕೊಂಡು ಮಾತಾಡಿದೆ. ವಾಟ್ಸ್ಯಾಪ್ ಗ್ರೂಪಿನಲ್ಲಿ ಎಷ್ಟೊತ್ತಿಗೆ ಮೆಸೇಜ್ ಬಂತು, ಯಾರ ಗಾಡಿ ಮೇಲೆ ಹೋದರು, ಪೊಲೀಸರು ಬಂದಾಗ ಯಾವ ಹೊಲ ಹಾಯ್ದು ಓಡಿದರು, ಎಲ್ಲ ಒಪ್ಪವಾಗಿ ಹೇಳಿದ. ಸಿಟ್ಟು ಇತ್ತು, ಹುರುಪು ಇತ್ತು, ಕೆಲಸವಿಲ್ಲದ ಉದ್ದುದ್ದ ಮಧ್ಯಾಹ್ನಗಳಿದ್ದವು. ಕಾಯಿಲೆ ಇರಲಿಲ್ಲ. ಆಗ ಜಾರಿಯಲ್ಲಿದ್ದ ಐಪಿಸಿಯ 84ನೇ ಕಲಮು ರಕ್ಷಿಸುವುದು ತಲೆ ಕೆಟ್ಟು, ತಾನು ಮಾಡುವುದೇನು ಅಂತಲೋ ಅದು ತಪ್ಪು ಅಂತಲೋ ತಿಳಿಯದವನನ್ನು. ಇವನಿಗೆ ಚೆನ್ನಾಗಿಯೇ ತಿಳಿದಿತ್ತು.

“ಬರದ್ರ ನಿಮ್ಮದೇನು ಹೋಗ್ತೈತ್ರಿ?” ಅಂದರು ಅಪ್ಪ.

ನನ್ನದು ಹೋಗುವುದು ಹಾಗಿರಲಿ. ನಾಳೆ ನೌಕರಿ, ಮದುವೆ ಅಂತ ಹೋದಾಗ ಆ ಕಾಗದ ಹುಡುಗನ ಬೆನ್ನು ಬಿಡುವುದಿಲ್ಲ ಅಂದೆ. ನಿಜವಾಗಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇದ್ದು, ಗುಳಿಗೆ ನುಂಗಿಕೊಂಡು ತಮ್ಮ ಪಾಡಿಗೆ ದುಡಿಯುವವರು ಈ ಊರಲ್ಲಿ ಇದ್ದಾರೆ, ಪ್ರತಿ ಕಲ್ಲಿಗೂ ನಾನು ಹುಚ್ಚಿನ ಚೀಟಿ ಅಂಟಿಸಿದರೆ ಜನ ಅವರನ್ನು ಕಂಡು ಹೆದರುತ್ತಾರೆ ಅಂತಲೂ ಹೇಳಿದೆ. ಅಪ್ಪ ಸಿಟ್ಟಿನಿಂದಲೇ ಎದ್ದು ಹೋದರು. ಒಳ್ಳೆಯ ವಕೀಲರನ್ನು ಹಿಡಿಯಿರಿ ಅನ್ನುವುದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿರಲಿಲ್ಲ. ಹುಡುಗ ಮಾತ್ರ ಆಮೇಲೆ ಆಗಾಗ ತಾನಾಗಿಯೇ ಬಂದು ಕೂತು ಹೋಗುತ್ತಿದ್ದ.

ಇದಕ್ಕೆ ಉಲ್ಟಾ ಒತ್ತಡ ಬಂದದ್ದು ನಾನು ಸರಕಾರಿ ಆಸ್ಪತ್ರೆಯಲ್ಲಿದ್ದಾಗ. ಅಧಿವೇಶನದ ಹೊತ್ತು. ಕೊಂಡಸಕೊಪ್ಪದ ಟೆಂಟುಗಳಲ್ಲಿ ಸಂಘ ಕಟ್ಟಿಕೊಂಡು ಬಂದವರ ಧರಣಿ ನಡೆದಿತ್ತು. ಒಬ್ಬ ಮುದುಕ ಮಾತ್ರ ಜಮೀನಿನ ಪರಿಹಾರದ ಫೈಲು ಎದೆಗೆ ಕಟ್ಟಿಕೊಂಡು ರಸ್ತೆ ನಡುವೆ ಒಬ್ಬನೇ ಕೂತಿದ್ದ. ಪೊಲೀಸರು ಎತ್ತಿಕೊಂಡು ಬಂದು, “ಮೇಡಂ, ಅಧಿವೇಶನ ಮುಗಿಯೋತನಕ ಇಟ್ಕೋರಿ, ಇಲ್ಲಾಂದ್ರ ಧಾರವಾಡಕ್ಕ ಬರೀರಿ” ಅಂದರು. ನಮ್ಮ ಕಡೆ ಹುಚ್ಚು ಅನ್ನುವ ಬದಲು ‘ಧಾರವಾಡ’ ಅಂದರೆ ಮುಗಿಯಿತು. 1845ರಿಂದ ಅಲ್ಲಿರುವ ಆಸ್ಪತ್ರೆಯ ಪ್ರತಾಪ ಅದು!

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಸೆಕ್ಷನ್, ಅಲೆದಾಡುವ, ತನ್ನ ಆರೈಕೆ ತಾನು ಮಾಡಿಕೊಳ್ಳಲಾಗದ ರೋಗಿಯನ್ನು ರಕ್ಷಿಸುವ ಹೊಣೆಯನ್ನು ಪೊಲೀಸರಿಗೆ ಕೊಟ್ಟಿದೆ. ಅದೇ ಕಾಯ್ದೆಯ 3ನೇ ಸೆಕ್ಷನ್, ಊರಿನ ರಾಜಕೀಯ ಅಥವಾ ನೈತಿಕ ನಂಬಿಕೆಗೆ ಒಗ್ಗುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನಬಾರದು ಅನ್ನುತ್ತದೆ. ಅದು ಸುಮ್ಮನೆ ಬಂದ ಸಾಲಲ್ಲ. ಸೋವಿಯತ್ ಒಕ್ಕೂಟದಲ್ಲಿ ಸರಕಾರವನ್ನು ಪ್ರಶ್ನಿಸಿದವರಿಗೆ ‘ನಿಧಾನಗತಿಯ ಸ್ಕಿಜೋಫ್ರೇನಿಯಾ’ ಅಂತ ಹೆಸರಿಟ್ಟು ಆಸ್ಪತ್ರೆಗೆ ತಳ್ಳಿದವರು ನಮ್ಮಂಥ ಡಾಕ್ಟರುಗಳೇ. ಅದು ದೊಡ್ಡ ರಗಳೆಯಾಗಿ, ಹೊರಹಾಕುವ ಮೊದಲೇ 1983ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ವಿಶ್ವ ಮನೋವೈದ್ಯ ಸಂಘದಿಂದ ತಾನೇ ಹೊರಬಿತ್ತು.

ಮುದುಕನನ್ನು ಪರೀಕ್ಷಿಸಿದೆ. ಸರ್ವೆ ನಂಬರಿನಿಂದ ಹಿಡಿದು ಅರ್ಜಿ ಕೊಟ್ಟ ತಾರೀಖಿನವರೆಗೆ ಕಾಗದದೊಂದಿಗೆ ತಾಳೆಯಾಯಿತು. ಬಿಪಿ ಜಾಸ್ತಿ ಇತ್ತು, ಎರಡು ಹೊತ್ತು ಉಂಡಿರಲಿಲ್ಲ. ‘ಮಾನಸಿಕ ಕಾಯಿಲೆಯ ಲಕ್ಷಣ ಕಂಡಿಲ್ಲ, ಬಿಪಿಗೆ ಚಿಕಿತ್ಸೆ ಕೊಟ್ಟಿದೆ’ ಅಂತ ಬರೆದು, ಹೊತ್ತು ಹಾಕಿ ಸಹಿ ಮಾಡಿದೆ. ಆ ಹೊತ್ತು ಬಹಳ ಮುಖ್ಯ. ಆಮೇಲೆ ‘ಸಂಜೆ ತಲೆ ಕೆಟ್ಟಿತ್ತು’ ಅನ್ನಲು ಬರಬಾರದು ನೋಡಿ. ನಂತರ ನನಗೆ ಮೇಲಿನಿಂದ ಫೋನ್ ಬಂತು. ಬರಲಿ.

ಟೀವಿಯವರದು ಬೇರೆ ಕಥೆ. “ಆ ಲೀಡರ್ ಹಂಗ್ಯಾಕ ಮಾತಾಡ್ತಾರ? ಅವರಿಗೇನು ಕಾಯಿಲೆ? ಎರಡೇ ನಿಮಿಷ ಹೇಳ್ರಿ ಮೇಡಂ.” ನಾನು ಪರೀಕ್ಷೆ ಮಾಡದವರ ರೋಗ ಹೇಳುವುದಿಲ್ಲ. ಅಮೆರಿಕದಲ್ಲಿ 1964ರ ಚುನಾವಣೆಯ ಹೊತ್ತಿಗೆ ಒಂದು ಪತ್ರಿಕೆ ಮನೋವೈದ್ಯರಿಗೆಲ್ಲ ಕಾಗದ ಬರೆದು ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಕೇಳಿತು. ಅಧ್ಯಕ್ಷಗಿರಿಗೆ ಆತ ಮಾನಸಿಕವಾಗಿ ಲಾಯಕ್ಕಲ್ಲ ಅಂತ 1,189 ಮಂದಿ, ಅವರನ್ನು ಪರೀಕ್ಷಿಸದೆಯೇ, ಉತ್ತರ ಕೊಟ್ಟರು. ಗೋಲ್ಡ್‌ವಾಟರ್ ಆ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹೂಡಿ ಗೆದ್ದರು. 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ, ಪರೀಕ್ಷಿಸದವರ ಬಗ್ಗೆ ಹಾಗೆ ಹೇಳಬಾರದು ಅಂತ ನಿಯಮವನ್ನೇ ಮಾಡಿತು. ಲೀಡರಿಗೆ ರೋಗ ಅಂದುಬಿಟ್ಟರೆ ಅವನ ಭಾಷಣದ ಲೆಕ್ಕ ಕೇಳುವವರೇ ಇರುವುದಿಲ್ಲ. ಲೆಕ್ಕ ಕೇಳಬೇಕಾದದ್ದು ಮತದಾರರು, ಕೋರ್ಟು.

ಹಾಗಂತ ಬಾಯಿಗೆ ಬೀಗ ಹಾಕಿಕೊಂಡು ಕೂರಲಿಲ್ಲ. ಕಲ್ಲೇಟಿನ ವಿಡಿಯೋ ಮಕ್ಕಳೆದುರು ಮತ್ತೆ ಮತ್ತೆ ಹಾಕಬೇಡಿ, ಒಂದೇ ರಿಕ್ಷಾದಲ್ಲಿ ಶಾಲೆಗೆ ಹೋಗುವ ಕನ್ನಡದ, ಮರಾಠಿಯ ಹುಡುಗರನ್ನು ‘ನೀ ಯಾವ ಕಡೆ’ ಅಂತ ಕೇಳಬೇಡಿ ಅಂತ ಪಾಲಕರ ಸಭೆಯಲ್ಲಿ ಹೇಳಿದೆ. ಹೆಸರು ಕೇಳಿ, ಭಾಷೆ ನೋಡಿ ಹೊಡೆಯುವುದು ತಪ್ಪು ಅಂತ ಹೇಳುವಾಗ ದನಿ ತಗ್ಗಿಸಲಿಲ್ಲ. ಗಡಿಯ ಬಗ್ಗೆ ನನಗೂ ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನು ಹೇಳುವಾಗ ಹೆಸರಿನ ಹಿಂದೆ ‘ಡಾ.’ ಹಾಕುವುದಿಲ್ಲ, ಅಷ್ಟೇ. ಕ್ಲಿನಿಕ್ಕಿನಲ್ಲಿ ಮರಾಠಿಯವರೊಂದಿಗೆ ನನ್ನ ಅರೆಬರೆ ಮರಾಠಿಯಲ್ಲೇ ಮಾತು. “ಕನ್ನಡದಾಗ ಹೇಳಂತ ಹೇಳ್ರಿ ಅವ್ರಿಗೆ” ಅಂತ ಒಬ್ಬರು ಕಾಯುವ ಬೆಂಚಿನಿಂದ ಕೂಗಿದ್ದೂ ಇದೆ. ಅವರ ಪಾಳಿ ಬಂದಾಗ ಅವರನ್ನೂ ನೋಡಿದೆ.

2022ರ ಆ ಡಿಸೆಂಬರಿನಲ್ಲೇ ಸಹೋದ್ಯೋಗಿಯೊಬ್ಬರು ಜಂಟಿ ಹೇಳಿಕೆ ಕಳಿಸಿ ಸಹಿ ಕೇಳಿದರು. ಕೆಳಗಿನ ಬೇಡಿಕೆಗಳೆಲ್ಲ ಸರಿಯಿದ್ದವು: ಬಸ್ ಸಿಬ್ಬಂದಿಗೆ ಸಂಬಳಸಹಿತ ರಜೆ, ಪುಕ್ಕಟೆ ಆಪ್ತಸಮಾಲೋಚನೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಡಿಪೊಗಳಲ್ಲಿ ಎರಡೂ ಭಾಷೆಯಲ್ಲಿ ಅಂಟಿಸುವುದು. ಮೊದಲ ಪ್ಯಾರಾದಲ್ಲಿ ಮಾತ್ರ ಎರಡೂ ಕಡೆಯ ನಾಯಕರಿಗೆ ‘ವ್ಯಕ್ತಿತ್ವ ದೋಷ’ ಅಂತ ಬರೆದಿದ್ದರು. ಫೋನ್ ಮಾಡಿ, ಆ ಪ್ಯಾರಾ ತೆಗೆಯಿರಿ, ಉಳಿದದ್ದಕ್ಕೆ ಈಗಲೇ ಸಹಿ ಹಾಕುತ್ತೇನೆ ಅಂದೆ. ಒಂದು ತಾಸು ವಾದ ಮಾಡಿದರು. ಆಮೇಲೆ ತೆಗೆದರು. ಹಾಕಿದೆ.